ಸಲಹೆಯಿಂದ ಕಾಮಗಾರಿಯವರೆಗೆ: ಆನ್‌ಲೈನ್ ನಾಗರಿಕ ಪಾಲ್ಗೊಳ್ಳುವಿಕೆಯ ಮೌಲ್ಯಮಾಪನ

ಪ್ರಜಾಪ್ರಭುತ್ವದಲ್ಲಿ ಆಡಳಿತವು ಜನರ ಒಪ್ಪಿಗೆಯಿಂದ ನಡೆಯಬೇಕೆಂಬುದು ಸರ್ವಸಮ್ಮತವಾದ ತತ್ತ್ವ. ಆದರೆ ಐದು ವರ್ಷಗಳಿಗೊಮ್ಮೆ ಮತ ನೀಡಿದ ಮಾತ್ರಕ್ಕೆ ಈ ಒಪ್ಪಿಗೆ ಪೂರ್ಣವಾಗುವುದಿಲ್ಲ. ರಸ್ತೆ ಎಲ್ಲಿ ಹಾದುಹೋಗಬೇಕು, ಯಾವ ಬೀದಿಗೆ ಮೊದಲು ದೀಪ ಬರಬೇಕು, ಕೊಳವೆಯ ನೀರು ಯಾವ ಬಡಾವಣೆಗೆ ಎಂದು ತಲುಪಬೇಕು ಎಂಬಂತಹ ತೀರ್ಮಾನಗಳು ಎರಡು ಚುನಾವಣೆಗಳ ನಡುವಿನ ಅವಧಿಯಲ್ಲಿಯೇ ಆಗುತ್ತವೆ. ಈ ತೀರ್ಮಾನಗಳಲ್ಲಿ ಜನರಿಗೆ ಪಾಲು ದೊರೆಯಲೆಂಬ ಉದ್ದೇಶದಿಂದಲೇ 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿತು.

ಇತ್ತೀಚಿನ ವರ್ಷಗಳಲ್ಲಿ ಈ ಪಾಲ್ಗೊಳ್ಳುವಿಕೆಗೆ ಇನ್ನೊಂದು ಬಾಗಿಲು ತೆರೆದಿದೆ. ಕಾನೂನಿನ ಕರಡನ್ನು ಕನಿಷ್ಠ 30 ದಿನಗಳ ಕಾಲ ಸಾರ್ವಜನಿಕರ ಮುಂದಿಡಬೇಕೆಂದು ಕೇಂದ್ರ ಸರ್ಕಾರವು 2014ರ ಫೆಬ್ರವರಿಯಲ್ಲಿ ನೀತಿಯೊಂದನ್ನು ರೂಪಿಸಿತು. ಅದೇ ವರ್ಷದ ಜುಲೈ 26ರಂದು ‘ಮೈಗವ್’ ಎಂಬ ವೇದಿಕೆ ಆರಂಭವಾಯಿತು. ಮಹಾನಗರಪಾಲಿಕೆಗಳೂ ಮುಂಗಡಪತ್ರಕ್ಕೆ, ನಗರ ಯೋಜನೆಗಳಿಗೆ ಆನ್‌ಲೈನ್ ಮೂಲಕ ಸಲಹೆಗಳನ್ನು ಪಡೆಯತೊಡಗಿದವು. ಕಚೇರಿಯ ಮೆಟ್ಟಿಲು ಹತ್ತದೆ, ದಿನದ ಕೂಲಿ ಕಳೆದುಕೊಳ್ಳದೆ, ಮನೆಯಲ್ಲಿ ಕುಳಿತೇ ಅಭಿಪ್ರಾಯ ತಿಳಿಸುವ ಅನುಕೂಲ ಸಣ್ಣದಲ್ಲ. ಆದರೆ ಹೀಗೆ ತಿಳಿಸಿದ ಅಭಿಪ್ರಾಯವು ತೀರ್ಮಾನವನ್ನು ಎಷ್ಟರಮಟ್ಟಿಗೆ ಮುಟ್ಟುತ್ತದೆ? ಅದನ್ನು ಅಳೆಯುವ ಬಗೆ ಯಾವುದು? ಪುಣೆ ನಗರದ ಕೊಂಢವಾ ಪ್ರದೇಶವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಸಂಖ್ಯೆಯ ಆಕರ್ಷಣೆ

ಸಾಮಾನ್ಯವಾಗಿ ಇಂತಹ ಕಾರ್ಯಕ್ರಮಗಳ ಯಶಸ್ಸನ್ನು ಬಂದ ಸಲಹೆಗಳ ಸಂಖ್ಯೆಯಿಂದ ನಿರ್ಣಯಿಸುವುದು ರೂಢಿ. ಸಂಖ್ಯೆ ಸುಲಭವಾಗಿ ದೊರೆಯುತ್ತದೆ, ವರದಿಯಲ್ಲಿ ಶೋಭಿಸುತ್ತದೆ. ಆದರೆ ಅದು ಹೇಳುವುದು ಬಹಳ ಕಡಿಮೆ. ಅಂತರ್ಜಾಲ ಸೇವೆಯ ನಿಯಮಗಳ ಬಗ್ಗೆ ಅಮೆರಿಕದ ಸಂಪರ್ಕ ಆಯೋಗವು 2017ರಲ್ಲಿ ಅಭಿಪ್ರಾಯ ಕೇಳಿದಾಗ ಸುಮಾರು 2 ಕೋಟಿ 20 ಲಕ್ಷ ಪ್ರತಿಕ್ರಿಯೆಗಳು ಬಂದವು. ಅವುಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ನಕಲಿಯೆಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರ ತನಿಖೆ 2021ರಲ್ಲಿ ತಿಳಿಸಿತು. ಬೇರೆಯವರ ಹೆಸರು ಬಳಸಿ ಕಳುಹಿಸಿದ ಪತ್ರಗಳೂ ಅವುಗಳಲ್ಲಿ ಸೇರಿದ್ದವು.

ಸಂಖ್ಯೆ ಅತಿ ದೊಡ್ಡದಾದಾಗ ಮಾತ್ರ ಈ ತೊಡಕು ಎಂದೇನೂ ಇಲ್ಲ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆ ಕಟ್ಟುವ ಯೋಜನೆಯ ಬಗ್ಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2016ರಲ್ಲಿ ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸಿತ್ತು. ಸುಮಾರು ಒಂದು ಕೋಟಿ ಜನಸಂಖ್ಯೆಯ ನಗರದಿಂದ ಬಂದದ್ದು ಮುನ್ನೂರರಷ್ಟು ಪ್ರತಿಕ್ರಿಯೆಗಳು. ಅವುಗಳಲ್ಲಿ ಮುಕ್ಕಾಲು ಪಾಲು ಯೋಜನೆಯ ಪರವಾಗಿವೆ ಎಂದು ಹೇಳಲಾಯಿತು. ಆದರೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಾವಿರಾರು ನಾಗರಿಕರು ರಸ್ತೆಯ ಬದಿಯಲ್ಲಿ ಮಾನವ ಸರಪಳಿ ರಚಿಸಿ ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಲೆಕ್ಕಕ್ಕೆ ಸಿಕ್ಕ ಮುನ್ನೂರು ಪ್ರತಿಕ್ರಿಯೆಗಳಿಗೂ ಬೀದಿಯಲ್ಲಿ ನಿಂತ ಜನರಿಗೂ ಇಷ್ಟು ಅಂತರ ಬರಲು ಕಾರಣವೇನು ಎಂಬುದು ಮೌಲ್ಯಮಾಪನ ಮಾಡುವವರು ಕೇಳಬೇಕಾದ ಮೊದಲ ಪ್ರಶ್ನೆ.

ಅಮೆರಿಕದ ವಿದ್ವಾಂಸೆ ಶೆರ್ರಿ ಆರ್ನ್‌ಸ್ಟೀನ್ ಅವರು 1969ರಲ್ಲಿಯೇ ನಾಗರಿಕ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸಮಾಧಾನಪಡಿಸುವ ಕೆಲಸವಷ್ಟೇ ನಡೆಯುತ್ತದೆ; ನಡುವಿನವುಗಳಲ್ಲಿ ಮಾಹಿತಿ ಕೊಡಲಾಗುತ್ತದೆ, ಅಭಿಪ್ರಾಯ ಕೇಳಲಾಗುತ್ತದೆ, ಆದರೆ ಅಧಿಕಾರ ಕೊಡುವುದಿಲ್ಲ; ಮೇಲಿನವುಗಳಲ್ಲಿ ಮಾತ್ರ ತೀರ್ಮಾನದ ಅಧಿಕಾರದಲ್ಲಿ ಜನರಿಗೆ ಪಾಲಿರುತ್ತದೆ. ಆಗ ಆನ್‌ಲೈನ್ ಎಂಬುದು ಇರಲಿಲ್ಲ. ಆದರೂ ಕಂಪ್ಯೂಟರ್ ಪರದೆಯ ಮೇಲಿನ ನಮೂನೆಯು ಯಾವ ಮೆಟ್ಟಿಲಿನಲ್ಲಿದೆ ಎಂದು ಕೇಳಲು ಈ ಏಣಿ ಇಂದಿಗೂ ಉಪಯುಕ್ತ.

ಕೊಂಢವಾದ ಚಿತ್ರ

ಪುಣೆ ನಗರದ ಆಗ್ನೇಯ ಭಾಗದಲ್ಲಿರುವ ಕೊಂಢವಾ ಹಿಂದೆ ಎರಡು ಹಳ್ಳಿಗಳಾಗಿತ್ತು: ಕೊಂಢವಾ ಖುರ್ದ್ ಮತ್ತು ಕೊಂಢವಾ ಬುದ್ರುಕ್. ಖುರ್ದ್ ಎಂದರೆ ಚಿಕ್ಕದು, ಬುದ್ರುಕ್ ಎಂದರೆ ದೊಡ್ಡದು. ಕನ್ನಡನಾಡಿನ ಗಡಿಯ ಹಳ್ಳಿಗಳಲ್ಲಿ ಕೇಳಿಬರುವ ಕೆ.ಎಚ್., ಬಿ.ಕೆ. ಎಂಬ ಬಾಲಗಳೂ ಇವೇ. ಇಂದು ಈ ಪ್ರದೇಶವು ಪುಣೆ ಮಹಾನಗರಪಾಲಿಕೆಯ ಕೊಂಢವಾ–ಯೇವಲೇವಾಡಿ ಕ್ಷೇತ್ರೀಯ ಕಚೇರಿಯ ವ್ಯಾಪ್ತಿಯಲ್ಲಿದೆ. ಒಂದು ಕಡೆ ಎನ್‌ಐಬಿಎಂ ರಸ್ತೆ, ಸಾಳುಂಖೆ ವಿಹಾರಗಳ ವಸತಿ ಸಂಕೀರ್ಣಗಳು. ಅಲ್ಲಿ ನಿವೃತ್ತ ಸೇನಾಧಿಕಾರಿಗಳೂ ಕಂಪ್ಯೂಟರ್ ಉದ್ಯಮದ ನೌಕರರೂ ವಾಸಿಸುತ್ತಾರೆ. ಇನ್ನೊಂದು ಕಡೆ ಮೀಠಾನಗರ, ಭಾಗ್ಯೋದಯನಗರಗಳಂತಹ ಕಿಕ್ಕಿರಿದ ಬಡಾವಣೆಗಳು. ಇವುಗಳ ಸುತ್ತ, ಕಟ್ಟಡಗಳು ಏಳುತ್ತಿರುವ ಕಡೆಗಳಲ್ಲೆಲ್ಲ, ಕಾರ್ಮಿಕರ ತಗಡಿನ ಗುಡಿಸಲುಗಳು. ಮರಾಠಿ, ಹಿಂದಿ, ಉರ್ದು, ಗುಜರಾತಿ ಮಾತುಗಳ ಜೊತೆಗೆ ಕನ್ನಡವೂ ಪುಣೆಗೆ ಹೊಸದಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕಾಗಿ ಈ ನಗರಕ್ಕೆ ಬರುವ ಕುಟುಂಬಗಳು ಅನೇಕ.

2019ರ ಜೂನ್ 29ರ ನಸುಕಿನಲ್ಲಿ, ಮಳೆ ಸುರಿಯುತ್ತಿದ್ದಾಗ, ಕೊಂಢವಾದ ಒಂದು ವಸತಿ ಸಂಕೀರ್ಣದ ಆವರಣದ ಗೋಡೆ ಪಕ್ಕದ ಕಾಮಗಾರಿ ಸ್ಥಳದ ಕಾರ್ಮಿಕರ ಗುಡಿಸಲುಗಳ ಮೇಲೆ ಕುಸಿಯಿತು. ಮಕ್ಕಳೂ ಸೇರಿ 15 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಬಿಹಾರದಿಂದ ದುಡಿಯಲು ಬಂದವರು. ಗೋಡೆಯ ಬುಡದಲ್ಲಿ ಗುಡಿಸಲು ಹಾಕಲು ಅನುಮತಿಸಬೇಕೆ, ಅಗೆತದ ಪಕ್ಕದ ಗೋಡೆಯನ್ನು ಯಾರು ಪರಿಶೀಲಿಸಬೇಕು ಎಂಬ ವಿಷಯಗಳು ಅವರ ಜೀವಕ್ಕೆ ಸಂಬಂಧಿಸಿದ ಸಾರ್ವಜನಿಕ ತೀರ್ಮಾನಗಳೇ ಆಗಿದ್ದವು. ಆದರೆ ಕೆಲಸ ಮುಗಿದೊಡನೆ ಬೇರೆ ಕಡೆಗೆ ಹೊರಡುವ ಇಂತಹ ಕುಟುಂಬಗಳಿಗೆ ವಾರ್ಡಿನ ಮತದಾರರ ಪಟ್ಟಿಯಲ್ಲಿಯೂ, ನಿವಾಸಿಗಳ ಸಂಘಗಳಲ್ಲಿಯೂ ಸಾಮಾನ್ಯವಾಗಿ ಸ್ಥಾನವಿರುವುದಿಲ್ಲ. ಕೊಂಢವಾದಲ್ಲಿ ಪಾಲ್ಗೊಳ್ಳುವಿಕೆಯನ್ನು ಅಳೆಯುವಾಗ ಈ ಗುಡಿಸಲುಗಳನ್ನು ಲೆಕ್ಕದಿಂದ ಬಿಟ್ಟರೆ ಅಳತೆ ಸರಿಯಾಗದು.

ನಾಗರಿಕರ ಮುಂಗಡಪತ್ರ

ನಗರದ ಮುಂಗಡಪತ್ರದಲ್ಲಿ ಜನರನ್ನು ನೇರವಾಗಿ ಪಾಲುಗೊಳಿಸುವ ಪದ್ಧತಿಯು 1989ರಲ್ಲಿ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ಪ್ರಾರಂಭವಾಯಿತು. ಅಲ್ಲಿನ ನಿವಾಸಿಗಳು ಬಯಲು ಸಭೆಗಳಲ್ಲಿ ಸೇರಿ ತಮ್ಮ ಪ್ರದೇಶದ ಆದ್ಯತೆಗಳನ್ನು ಚರ್ಚಿಸಿ ನಿರ್ಧರಿಸುತ್ತಿದ್ದರು. ಭಾರತದಲ್ಲಿ ಈ ಪದ್ಧತಿಯನ್ನು ದೀರ್ಘಕಾಲ ನಡೆಸಿಕೊಂಡು ಬಂದ ದೊಡ್ಡ ನಗರಗಳಲ್ಲಿ ಪುಣೆ ಪ್ರಮುಖವಾದುದು. 2006–07ರಲ್ಲಿ ಮಹಾನಗರಪಾಲಿಕೆಯು ಇದನ್ನು ಜಾರಿಗೆ ತಂದಿತು. ಸೆಂಟರ್ ಫಾರ್ ಎನ್ವಿರಾನ್‌ಮೆಂಟ್ ಎಜುಕೇಶನ್ ಮುಂತಾದ ಸ್ವಯಂಸೇವಾ ಸಂಸ್ಥೆಗಳು ಇದರ ಪ್ರಚಾರದಲ್ಲಿಯೂ ಅಧ್ಯಯನದಲ್ಲಿಯೂ ಕೈಜೋಡಿಸಿವೆ.

ಪದ್ಧತಿಯ ರೂಪ ಸರಳವಾಗಿದೆ. ಮುಂದಿನ ಆರ್ಥಿಕ ವರ್ಷದ ಮುಂಗಡಪತ್ರ ಸಿದ್ಧವಾಗುವ ಮೊದಲು, ಸಾಮಾನ್ಯವಾಗಿ ಮಳೆಗಾಲದ ಕೊನೆಯಲ್ಲಿ, ಪಾಲಿಕೆಯು ಪ್ರಕಟಣೆ ಹೊರಡಿಸಿ ನಾಗರಿಕರಿಂದ ಕಾಮಗಾರಿಗಳನ್ನು ಸೂಚಿಸುವ ಅರ್ಜಿ ಪಡೆಯುತ್ತದೆ. ಮೊದಲಲ್ಲಿ ಅರ್ಜಿಗಳು ಕ್ಷೇತ್ರೀಯ ಕಚೇರಿಗಳಲ್ಲಿ ಕಾಗದದ ಮೇಲೆ ಸಲ್ಲಿಕೆಯಾಗುತ್ತಿದ್ದವು. ಕ್ರಮೇಣ ಪಾಲಿಕೆಯ ಅಂತರ್ಜಾಲ ತಾಣದಲ್ಲಿಯೂ ಸಲ್ಲಿಸುವ ವ್ಯವಸ್ಥೆ ಬಂದಿತು. ಒಂದು ಕಾಮಗಾರಿಯ ಅಂದಾಜು ವೆಚ್ಚ 5 ಲಕ್ಷ ರೂಪಾಯಿಗಳನ್ನು ಮೀರಬಾರದೆಂಬುದು ಪ್ರಮುಖ ನಿಬಂಧನೆ. ಪಾದಚಾರಿ ಮಾರ್ಗ, ಬೀದಿದೀಪ, ಬಸ್ ತಂಗುದಾಣ, ಕುಳಿತುಕೊಳ್ಳುವ ಬೆಂಚು, ಸಾರ್ವಜನಿಕ ಶೌಚಾಲಯದ ದುರಸ್ತಿ ಮುಂತಾದವು ಇದರಲ್ಲಿ ಬರುತ್ತವೆ. ಕಚೇರಿಯ ಎಂಜಿನಿಯರುಗಳು ಸಲಹೆಯನ್ನು ಪರಿಶೀಲಿಸಿ ಅಂದಾಜು ಹಾಕುತ್ತಾರೆ. ಚುನಾಯಿತ ಸದಸ್ಯರಿರುವ ಪ್ರಭಾಗ ಸಮಿತಿಯ ಮುಂದೆ ಅದು ಹೋಗುತ್ತದೆ. ಅಲ್ಲಿಂದ ಆಯುಕ್ತರ ಕರಡು ಮುಂಗಡಪತ್ರವನ್ನು ಸೇರುತ್ತದೆ. ಸ್ಥಾಯಿ ಸಮಿತಿ ಮತ್ತು ಸಾಮಾನ್ಯ ಸಭೆಯ ಮಂಜೂರಾತಿಯ ನಂತರ ಟೆಂಡರು, ಕಾರ್ಯಾದೇಶ, ಕಾಮಗಾರಿ.

ಕೊಂಢವಾದ ಯಾವುದೋ ಓಣಿಯ ತಿರುವಿನಲ್ಲಿ ಬೀದಿದೀಪವಿಲ್ಲ, ರಾತ್ರಿ ಪಾಳಿ ಮುಗಿಸಿ ಬರುವ ಹೆಂಗಸರು ಅಲ್ಲಿ ಹೆದರುತ್ತಾರೆ ಎಂದು ಇಟ್ಟುಕೊಳ್ಳಬಹುದು. ಒಬ್ಬ ನಿವಾಸಿ ಆನ್‌ಲೈನ್ ನಮೂನೆಯಲ್ಲಿ ದೀಪ ಕೇಳುತ್ತಾನೆ. ಅರ್ಜಿ ತಲುಪಿದೆಯೆಂಬ ಸ್ವೀಕೃತಿ ಕ್ಷಣದಲ್ಲಿ ಬರುತ್ತದೆ. ಯಂತ್ರ ಮಾಡಬಲ್ಲದ್ದು ಇಷ್ಟೇ. ಮುಂದಿನ ಪ್ರತಿಯೊಂದು ಹಂತವೂ ಮನುಷ್ಯರ ಕೈಯಲ್ಲಿದೆ. ಆ ತಿರುವು ಪಾಲಿಕೆಯ ರಸ್ತೆಯೋ ಖಾಸಗಿ ಜಾಗವೋ ಎಂಬ ತಕರಾರು ಏಳಬಹುದು. ಮಂಜೂರಾದ ಮೇಲೂ ಆ ತಲೆಬರಹದ ಹಣವನ್ನು ಬೇರೆ ಕಾಮಗಾರಿಗೆ ಬದಲಾಯಿಸುವ ಪರಿಪಾಠವಿದೆ. ಪುಣೆ ಪಾಲಿಕೆಯ ವ್ಯವಹಾರದಲ್ಲಿ ಇದಕ್ಕೆ ‘ವರ್ಗೀಕರಣ’ ಎನ್ನುತ್ತಾರೆ. ಮಾರ್ಚ್ 31ರೊಳಗೆ ಕೆಲಸ ಆಗದಿದ್ದರೆ ಅನುದಾನವೇ ರದ್ದಾಗಬಹುದು. ಸಲಹೆಗಳ ಲೆಕ್ಕದಲ್ಲಿ ಈ ಅರ್ಜಿ ಯಶಸ್ಸಿನ ಒಂದು ಅಂಕವಾಗಿ ಉಳಿಯುತ್ತದೆ. ತಿರುವಿನಲ್ಲಿ ಮಾತ್ರ ಕತ್ತಲೆ ಹಾಗೆಯೇ ಇರುತ್ತದೆ. ಆದುದರಿಂದ ಅಳೆಯುವ ಕೆಲಸ ಸ್ವೀಕೃತಿಯಿಂದ ಆರಂಭವಾಗಿ ಕಂಬದ ಬುಡದಲ್ಲಿ ಮುಗಿಯಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 2022ರ ಮಾರ್ಚ್‌ನಲ್ಲಿ ಪುಣೆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿದ ನಂತರ ಹಲವು ವರ್ಷಗಳ ಕಾಲ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಆಳ್ವಿಕೆ ಇತ್ತು. ಆ ಅವಧಿಯಲ್ಲಿ ವಾರ್ಡಿನ ಪರವಾಗಿ ಕೇಳುವ ಸದಸ್ಯರಿರಲಿಲ್ಲ. ಸಲಹೆಯನ್ನು ಆರಿಸುವವರೂ ತಿರಸ್ಕರಿಸುವವರೂ ಅಧಿಕಾರಿಗಳೇ. ಆನ್‌ಲೈನ್ ಬಾಗಿಲು ತೆರೆದಿದ್ದರೂ ಚುನಾಯಿತ ಸಭೆಯ ಸ್ಥಾನವನ್ನು ಅದು ತುಂಬಲಾರದು.

ತೀರ್ಮಾನಕ್ಕೆ ಬಿಟ್ಟಿರುವುದು ಏನು?

ಐದು ಲಕ್ಷ ರೂಪಾಯಿಯ ಮಿತಿಯೊಳಗಿನ ಸಲಹೆಗಳಿಗೆ ಒಂದು ಬೆಲೆ ಇದ್ದೇ ಇದೆ. ಸಣ್ಣ ಕೆಲಸಗಳೇ ದಿನನಿತ್ಯದ ಬದುಕನ್ನು ಹಗುರಗೊಳಿಸುತ್ತವೆ. ಆದರೆ ಕೊಂಢವಾದ ದೊಡ್ಡ ಸಂಕಟಗಳು ಈ ಮಿತಿಯಲ್ಲಿ ಹಿಡಿಯುವಂತಹವಲ್ಲ. ಕಾತ್ರಜ್–ಕೊಂಢವಾ ರಸ್ತೆಯನ್ನು 84 ಮೀಟರಿಗೆ ಅಗಲಗೊಳಿಸುವ ಯೋಜನೆಗೆ 2018ರಲ್ಲಿ ಚಾಲನೆ ದೊರೆಯಿತು. ಭೂಸ್ವಾಧೀನದ ತೊಡಕಿನಿಂದ ಕೆಲಸ ಹಿಂದೆ ಬಿದ್ದು, ಅಗಲವನ್ನು 50 ಮೀಟರಿಗೆ ಇಳಿಸಲಾಯಿತು. ಟ್ಯಾಂಕರ್ ನೀರನ್ನು ನೆಚ್ಚಿರುವ ಬಡಾವಣೆಗಳಿಗೆ ಪಾಲಿಕೆಯ ನೀರು ಒದಗಿಸುವುದೂ ಇದೇ ಜಾತಿಯ ಪ್ರಶ್ನೆ. ಇಂತಹ ವಿಷಯಗಳು ನಾಗರಿಕರ ಮುಂಗಡಪತ್ರದ ನಮೂನೆಯ ಹೊರಗೇ ನಿರ್ಧಾರವಾಗುತ್ತವೆ. ಬೆಂಚಿನ ಬಗ್ಗೆ ಜನರನ್ನು ಕೇಳಿ, ರಸ್ತೆಯ ಬಗ್ಗೆ ಕೇಳದಿದ್ದರೆ ಪಾಲ್ಗೊಳ್ಳುವಿಕೆಯು ಏಣಿಯ ಮೇಲಿನ ಮೆಟ್ಟಿಲಿಗೆ ಏರಿತೆಂದು ಹೇಳಲಾಗದು.

ದೊಡ್ಡ ವಿಷಯಗಳಲ್ಲಿ ಕಾನೂನೇ ಜನರಿಗೆ ಅವಕಾಶ ಕೊಟ್ಟಿರುವುದೂ ಉಂಟು. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ಯೋಜನಾ ಅಧಿನಿಯಮದ ಪ್ರಕಾರ ನಗರಾಭಿವೃದ್ಧಿ ಯೋಜನೆಯ ಕರಡಿಗೆ ಆಕ್ಷೇಪಣೆ, ಸಲಹೆಗಳನ್ನು ಆಹ್ವಾನಿಸಲೇಬೇಕು. ಪುಣೆಯ ಹಳೆಯ ಪಾಲಿಕೆ ವ್ಯಾಪ್ತಿಯ 2007–2027ರ ಕರಡು 2013ರಲ್ಲಿ ಪ್ರಕಟವಾದಾಗ ಸುಮಾರು 87,000 ಆಕ್ಷೇಪಣೆ–ಸಲಹೆಗಳು ಬಂದವು. ಅವುಗಳ ವಿಚಾರಣೆಗೆ ಸಮಿತಿ ನೇಮಕವಾಯಿತು. ಆದರೂ ಪಾಲಿಕೆಯ ಮಟ್ಟದಲ್ಲಿ ಕೆಲಸ ಕಾಲಮಿತಿಯೊಳಗೆ ಮುಗಿಯದೆ, 2015ರಲ್ಲಿ ರಾಜ್ಯ ಸರ್ಕಾರ ಯೋಜನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 2017ರ ಜನವರಿಯಲ್ಲಿ ಅಂತಿಮ ಮಂಜೂರಾತಿ ದೊರೆಯಿತು. ಅಭಿಪ್ರಾಯ ಪಡೆಯುವ ಶಕ್ತಿಗಿಂತ ಅದನ್ನು ಓದಿ, ಅಳೆದು, ಉತ್ತರಿಸುವ ಶಕ್ತಿ ಕಡಿಮೆಯಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆನ್‌ಲೈನ್ ವ್ಯವಸ್ಥೆಯು ಮೊದಲನೆಯದನ್ನು ಹತ್ತುಪಟ್ಟು ಹೆಚ್ಚಿಸಬಲ್ಲದು. ಎರಡನೆಯದಕ್ಕೆ ಸಿಬ್ಬಂದಿ ಬೇಕು, ಸಮಯ ಬೇಕು.

ಯಾರ ಧ್ವನಿ ಕೇಳಿಬಂದಿತು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ದೇಶದಲ್ಲಿ ಎಂದಾದರೂ ಅಂತರ್ಜಾಲ ಬಳಸಿದ ಮಹಿಳೆಯರು ನೂರಕ್ಕೆ 33, ಪುರುಷರು ನೂರಕ್ಕೆ 57. ಆ ಬಳಿಕ ಮೊಬೈಲ್ ಇನ್ನಷ್ಟು ಕೈಗಳಿಗೆ ಬಂದಿದೆ; ಆದರೆ ಮೊಬೈಲ್‌ನಲ್ಲಿ ಚಲನಚಿತ್ರ ನೋಡುವುದಕ್ಕೂ ಸರ್ಕಾರಿ ನಮೂನೆ ತುಂಬುವುದಕ್ಕೂ ಬಹಳ ವ್ಯತ್ಯಾಸವಿದೆ. ಮೀಠಾನಗರದ ಹೊಲಿಗೆ ಕೆಲಸದ ಹೆಂಗಸು, ಎನ್‌ಐಬಿಎಂ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ ಇಬ್ಬರಿಗೂ ಬಾಗಿಲು ಒಂದೇ. ಹೊಸ್ತಿಲ ಎತ್ತರ ಮಾತ್ರ ಬೇರೆ. ಅದರಿಂದ ಬಂದ ಸಲಹೆಗಳನ್ನು ಬಡಾವಣೆವಾರು ವಿಂಗಡಿಸಿ ನೋಡದೆ ಒಟ್ಟು ಸಂಖ್ಯೆಯನ್ನು ಹೇಳುವುದು ಹಾದಿ ತಪ್ಪಿಸುತ್ತದೆ.

ಸ್ಮಾರ್ಟ್ ಸಿಟಿ ಯೋಜನೆಯ ಅನುಭವ ಇದಕ್ಕೆ ಪೂರಕವಾಗಿದೆ. 2016ರ ಜನವರಿ 28ರಂದು ಪ್ರಕಟವಾದ ಮೊದಲ 20 ನಗರಗಳ ಪಟ್ಟಿಯಲ್ಲಿ ಭುವನೇಶ್ವರದ ನಂತರ ಪುಣೆ ಎರಡನೆಯ ಸ್ಥಾನ ಪಡೆಯಿತು. ಕರ್ನಾಟಕದ ದಾವಣಗೆರೆ, ಬೆಳಗಾವಿಗಳೂ ನೆರೆಯ ಸೊಲ್ಲಾಪುರವೂ ಅದರಲ್ಲಿದ್ದವು. ಪುಣೆಯು ತನ್ನ ಪ್ರಸ್ತಾವಕ್ಕಾಗಿ ಮನೆಮನೆಗೆ ನಮೂನೆ ಹಂಚಿ, ಆನ್‌ಲೈನ್ ಮೂಲಕವೂ ಲಕ್ಷಗಟ್ಟಲೆ ಅಭಿಪ್ರಾಯ ಸಂಗ್ರಹಿಸಿತ್ತು. ಈ ಪ್ರಯತ್ನ ಶ್ಲಾಘನೀಯವೇ. ಆದರೆ ಪ್ರದೇಶಾಭಿವೃದ್ಧಿಗೆ ಆಯ್ಕೆಯಾದದ್ದು ಔಂಧ್–ಬಾಣೇರ್–ಬಾಲೇವಾಡಿ ಎಂಬ, ನಗರದ ವಾಯವ್ಯ ದಿಕ್ಕಿನ, ಆಗಲೇ ಅನುಕೂಲಸ್ಥವಾಗಿದ್ದ ಭಾಗ. ಕೊಂಢವಾದಂತಹ ಪ್ರದೇಶಗಳು ಹೊರಗುಳಿದವು.

ಭಾಷೆಯೂ ಒಂದು ಹೊಸ್ತಿಲು. ಪರಿಸರ ಪರಿಣಾಮ ಅಂದಾಜಿನ ಹೊಸ ನಿಯಮಗಳ ಕರಡು 2020ರಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಪ್ರಕಟವಾಯಿತು. ಅದನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯವು ಜೂನ್ 30ರಂದು ಆದೇಶಿಸಿ, ಅಭಿಪ್ರಾಯ ಸಲ್ಲಿಸುವ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಿತು. ಅದೇ ಆಗಸ್ಟ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ಆದೇಶ ನೀಡಿತು. ಗಣಿಯ ಪಕ್ಕದ ಸಂಡೂರಿನ ರೈತನಿಗೂ ಕರಾವಳಿಯ ಮೀನುಗಾರನಿಗೂ ನೇರವಾಗಿ ತಟ್ಟುವ ನಿಯಮವನ್ನು ಅವರು ಓದಲಾರದ ಭಾಷೆಯಲ್ಲಿ ಕೊಟ್ಟು ಇ-ಮೇಲ್ ವಿಳಾಸ ತಿಳಿಸಿದರೆ ಅಭಿಪ್ರಾಯ ಕೇಳಿದಂತಾಯಿತೆ? ಮರಾಠಿ ಓದಲು ಬಾರದ ಯಾದಗಿರಿಯ ಗಾರೆಯವನೂ ಬಿಹಾರದ ಕೂಲಿಯವನೂ ಕೊಂಢವಾದಲ್ಲಿ ಅದೇ ಸ್ಥಿತಿಯಲ್ಲಿದ್ದಾರೆ.

ಉತ್ತರದ ಹೊಣೆ

ಕೇಳಿದವರು ಉತ್ತರಿಸುವರೇ ಎಂಬುದು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ. ಈ ವಿಷಯದಲ್ಲಿ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಒಂದು ಪ್ರಕರಣ ಉಲ್ಲೇಖನೀಯ. 2015ರ ಮಾರ್ಚ್‌ನಲ್ಲಿ ಅಂತರ್ಜಾಲ ಸೇವೆಗಳ ಬಗ್ಗೆ ಅದು 20 ಪ್ರಶ್ನೆಗಳ ಸಮಾಲೋಚನಾ ಪತ್ರ ಹೊರಡಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಬಂದವು. ಬೇರೆ ಬೇರೆ ಸೇವೆಗೆ ಬೇರೆ ಬೇರೆ ದರ ವಿಧಿಸುವ ವಿಷಯದಲ್ಲಿ ಡಿಸೆಂಬರ್‌ನಲ್ಲಿ ಎರಡನೆಯ ಸಮಾಲೋಚನೆ ನಡೆಯಿತು. ಆಗ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಹ ಲಕ್ಷಾಂತರ ಪತ್ರಗಳು ಬಂದದ್ದನ್ನು ಕಂಡು, ಅವು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿಲ್ಲವೆಂದು ಪ್ರಾಧಿಕಾರ ಸ್ಪಷ್ಟವಾಗಿ ಹೇಳಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸುವ ವಿನಿಯಮ ಹೊರಬಂದಾಗ ಅದರ ಜೊತೆಗೆ ವಿವರಣಾತ್ಮಕ ಟಿಪ್ಪಣಿಯೂ ಇತ್ತು. ಯಾವ ವಾದ ಬಂದಿತ್ತು, ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಸಾಮಾನ್ಯ ಓದುಗನೂ ಅದರಲ್ಲಿ ನೋಡಬಹುದು. ತಮ್ಮ ಮಾತು ನಡೆಯದಿದ್ದವರಿಗೂ ಕಾರಣ ದೊರೆಯಿತು. ಈ ಕಾರಣವೇ ಮುಂದಿನ ಬಾರಿ ಅವರನ್ನು ಮತ್ತೆ ಬರುವಂತೆ ಮಾಡುವುದು.

ಪಾಲಿಕೆಯ ಮಟ್ಟದಲ್ಲಿ ಇಂತಹ ಉತ್ತರ ಅಪರೂಪ. ತಿರಸ್ಕೃತವಾದ ಸಲಹೆಯ ಮುಂದೆ ‘ಕಾರ್ಯಸಾಧ್ಯವಲ್ಲ’ ಎಂಬ ಒಂದು ಪದ ಬರೆದರೆ ಅರ್ಜಿದಾರನಿಗೆ ಏನೂ ತಿಳಿಯುವುದಿಲ್ಲ. ಜಾಗದ ತಕರಾರೋ, ವೆಚ್ಚದ ಮಿತಿಯೋ, ಬೇರೆ ಇಲಾಖೆಯ ಕೆಲಸವೋ ಎಂದು ಬರೆದರೆ ಅವನು ಮುಂದಿನ ವರ್ಷ ತಿದ್ದಿ ಬರೆಯಬಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣವು ಮುಖ್ಯ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಿಸಿದ ಸಂಗತಿಗಳನ್ನು ತಿಳಿಸಬೇಕೆಂದೂ, ಬಾಧಿತರಿಗೆ ತೀರ್ಮಾನದ ಕಾರಣಗಳನ್ನು ಕೊಡಬೇಕೆಂದೂ ವಿಧಿಸಿದೆ.

ವಾರ್ಡಿನಲ್ಲಿಯೇ ಮಾಡಬಹುದಾದ ಅಳತೆ

ಈ ಮೌಲ್ಯಮಾಪನಕ್ಕೆ ತಜ್ಞರ ಸಮಿತಿಯೇ ಬೇಕೆಂದಿಲ್ಲ. ಕೊಂಢವಾದಂತಹ ಒಂದೇ ಕ್ಷೇತ್ರೀಯ ಕಚೇರಿಯ, ಒಂದೇ ವರ್ಷದ ಸಲಹೆಗಳನ್ನು ಆಯ್ದುಕೊಂಡು ಕಾಲೇಜು ವಿದ್ಯಾರ್ಥಿಗಳು ಅಥವಾ ನಿವಾಸಿಗಳ ಗುಂಪು ಒಂದು ನೋಂದಣಿ ಪುಸ್ತಕ ಸಿದ್ಧಪಡಿಸಬಹುದು. ಸಲಹೆ ಯಾವ ಬಡಾವಣೆಯಿಂದ ಬಂದಿತು, ಆನ್‌ಲೈನ್ ಮೂಲಕವೋ ಕಾಗದದ ಮೇಲೋ, ಮುಂಗಡಪತ್ರದಲ್ಲಿ ಸೇರಿತೇ, ಸೇರದಿದ್ದರೆ ಬರೆದ ಕಾರಣವೇನು, ಸೇರಿದ್ದರೆ ಹಣ ವರ್ಗೀಕರಣವಾಯಿತೇ, ಮಾರ್ಚ್ ಕೊನೆಗೆ ಸ್ಥಳದಲ್ಲಿ ಏನಿದೆ ಎಂದು ಸಾಲುಸಾಲಾಗಿ ಬರೆದರೆ ಸಾಕು. ಅರ್ಜಿ ಬಾರದ ಬೀದಿಗಳನ್ನೂ ನಕ್ಷೆಯಲ್ಲಿ ಗುರುತಿಸಬೇಕು. ಖಾಲಿ ಬೀದಿಗಳಿಗೆ, ಕಾರ್ಮಿಕರ ಗುಡಿಸಲುಗಳಿಗೆ ನಡೆದುಹೋಗಿ ಕೇಳಿದರೆ, ಸಲಹೆ ಇಲ್ಲದ್ದರಿಂದ ಬರಲಿಲ್ಲವೋ ಬಾಗಿಲೇ ಕಾಣದ್ದರಿಂದ ಬರಲಿಲ್ಲವೋ ತಿಳಿಯುತ್ತದೆ. ಈ ಕೆಲಸ ಪರದೆಯ ಮುಂದೆ ಕುಳಿತು ಆಗುವಂತಹುದಲ್ಲ.

ಮಂಜೂರಾದ ಕಾಮಗಾರಿಗಳ ಪಟ್ಟಿ ಪಾಲಿಕೆಯ ಮುದ್ರಿತ ಮುಂಗಡಪತ್ರದಲ್ಲಿ ದೊರೆಯುತ್ತದೆ. ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್ಲುಗಳ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ ಕೇಳಬಹುದು. ಮಹಾರಾಷ್ಟ್ರದ ನಿಯಮದ ಪ್ರಕಾರ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಆದುದರಿಂದ ಒಂದು ಅರ್ಜಿಯಲ್ಲಿ ಒಂದು ಕಾಮಗಾರಿಯನ್ನು ಮಾತ್ರ ಕೇಳುವುದು ಜಾಣತನ. ಅರ್ಜಿ ತಲುಪಿದ 30 ದಿನಗಳೊಳಗೆ ಮಾಹಿತಿ ಅಧಿಕಾರಿ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಅಥವಾ ತೃಪ್ತಿಕರವಾಗಿಲ್ಲದಿದ್ದರೆ ಮುಂದಿನ 30 ದಿನಗಳಲ್ಲಿ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅನಂತರ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿಯನ್ನೂ ಸಲ್ಲಿಸಬಹುದು.